ಊರೊಟ್ಟಿನ ತಣ್ಣನೆ ಪೆಟ್ಟಿಗೆ

ನಮ್ಮ ಕೈಪಿಡಿಯ ಹನ್ನೊಂದನೇ ಪುಟದಲ್ಲಿ ಹೀಗೊಂದು ನಿಯಮವಿತ್ತು: ಊರಿನ ಅಗತ್ಯವನ್ನು ಊರಿನವರೇ ಹೇಳಬೇಕು; ಕ್ಷೇತ್ರ ಸಂಯೋಜಕರು ಮಾತಿನಿಂದಾಗಲಿ, ಸನ್ನೆಯಿಂದಾಗಲಿ, ಮುಖಭಾವದಿಂದಾಗಲಿ ಏನನ್ನೂ ಸೂಚಿಸಕೂಡದು. ಮಾತು ನಿಲ್ಲಿಸಬಹುದು, ಕೈ ಕಟ್ಟಿಕೊಂಡು ಕೂರಬಹುದು. ಮುಖವನ್ನು ಎಲ್ಲಿಡುವುದು? ನನ್ನದು ಮೊದಲೇ ಒಳಗಿನದನ್ನೆಲ್ಲ ಹೊರಗೆ ಹಾಕುವ ಮುಖ. ಸಂತೆಮರಹಳ್ಳಿಯಲ್ಲಿರುವ ನಮ್ಮಮ್ಮ, "ನೀನು ಬಾಯಿ ಮುಚ್ಕಂಡ್ ಕೂತ್ರೂ ಬೈದಂಗೇ ಇರ್ತದೆ ಕಣಮ್ಮಿ" ಅನ್ನುತ್ತಾಳೆ. ಅಂಥವಳನ್ನು ಹುಡುಕಿ ಈ ನಿಧಿಯ ಕೆಲಸಕ್ಕೆ ಹಾಕಿದರು.

ನಿಧಿ ಅಂದರೆ ಇಷ್ಟೇ. ನಾನಿರುವ ಸಂಸ್ಥೆ ಗುಂಡ್ಲುಪೇಟೆ ತಾಲ್ಲೂಕಿನ ಕೆಲವು ಊರುಗಳನ್ನು ಆರಿಸಿ, ಊರಿಗೊಂದು ಗಂಟು ಎಂದು ಎತ್ತಿಟ್ಟಿತ್ತು. ಅದನ್ನು ಯಾವುದಕ್ಕೆ ಬಳಸಬೇಕೆಂದು ಊರೇ ತೀರ್ಮಾನಿಸಬೇಕು. ಅದಕ್ಕೆ ಮೂರು ಸಭೆ. ಮೊದಲನೆಯದರಲ್ಲಿ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ. ಎರಡನೆಯದರಲ್ಲಿ, ಬೇಕು ಅಂದದ್ದನ್ನೆಲ್ಲ ಚಿತ್ರದ ಕಾರ್ಡು ಮಾಡಿ, ಮನೆಗೆ ಐದು ಹುಣಸೆಬೀಜ ಕೊಡುವುದು. ಯಾವ ಕಾರ್ಡಿನ ಮೇಲೆ ಹೆಚ್ಚು ಬೀಜ ಬೀಳುತ್ತದೋ ಅದು ಗೆದ್ದಂತೆ. ಮೂರನೆಯದರಲ್ಲಿ ನಡಾವಳಿ ಬರೆದು ಮನೆಮನೆಯವರ ಸಹಿ, ಹೆಬ್ಬೆಟ್ಟು. ಯುಗಾದಿಯೊಳಗೆ ಅರ್ಜಿ ಚಾಮರಾಜನಗರದ ಕಚೇರಿ ಮುಟ್ಟದಿದ್ದರೆ ಆ ಊರಿನ ಗಂಟು ಬೇರೆ ಊರಿಗೆ ಹೋಗುತ್ತಿತ್ತು. ನನ್ನ ಪಾಲಿಗೆ ಬಂದದ್ದು ಮದ್ದೂರು ಕಡೆ, ಕಾಡಿಗೆ ಒತ್ತಿಕೊಂಡಿರುವ ಒಂದು ಊರು. ಅರ್ಧಕ್ಕರ್ಧ ಮನೆಗಳಿಂದ ಯಾರಾದರೊಬ್ಬರು ಗಡಿಯಾಚೆ ಕೇರಳದ ಶುಂಠಿ ಹೊಲಗಳಿಗೆ ಕೂಲಿಗೆ ಹೋಗಿರುತ್ತಾರೆ. ಹೋದರೆ ವಾರಗಟ್ಟಲೆ ಅಲ್ಲೇ ಶೆಡ್ಡಿನಲ್ಲಿ ವಾಸ.

ಮೊದಲ ಸಭೆ ಮಾರಿಗುಡಿಯ ಮುಂದೆ ಸೇರಿತು. ಕೈಪಿಡಿಯ ಪ್ರಕಾರ ನೆಲದ ಮೇಲೆ ಕೂತೆ, ಕೈಪಿಡಿಯ ಪ್ರಕಾರ ಮುಗುಳ್ನಕ್ಕೆ, "ನಿಮ್ಮೂರಿಗೆ ಏನು ಬೇಕು ಹೇಳಿ" ಎಂದೆ. ಊರಿನ ಯಜಮಾನರು ಎಂಬತ್ತರ ಹತ್ತಿರದ ಮುದುಕರು. ಜಗಳದ ನ್ಯಾಯದಿಂದ ಮದುವೆ ಮಾತುಕತೆಯವರೆಗೆ ಅವರಿಲ್ಲದೆ ಏನೂ ನಡೆಯುವುದಿಲ್ಲ. ಅವರು ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಗೆ ತಳ್ಳಿ ಕೇಳಿದರು:

"ನೀವೇನ್ ತಂದಿದ್ದೀರಿ?"

"ನಾನೇನೂ ತಂದಿಲ್ಲ ಯಜಮಾನ್ರೆ. ನೀವು ಏನು ಕೇಳ್ತೀರೋ ಅದು."

"ಅದ್ ಸರಿ ಮೇಡಮ್ಮೋರೆ. ನಾವ್ ಕೇಳ್ತೀವಿ. ಏನ್ ಕೇಳ್ಬೇಕು ಅಂತ ನೀವೊಸಿ ಏಳ್ಬುಡಿ, ಅದ್ನೇ ಕೇಳ್ಬುಡ್ತೀವಿ. ನಿಮ್ಗೂ ಸುಲ್ಬ, ನಮ್ಗೂ ಸುಲ್ಬ."

ಇದು ದಡ್ಡತನ ಅಂದುಕೊಂಡರೆ ನಾವೇ ದಡ್ಡರು. ಆ ಊರಿಗೆ ನನಗಿಂತ ಮುಂಚೆ ಎಷ್ಟೋ ಜನ ಇದೇ ಪ್ರಶ್ನೆ ಹಿಡಿದು ಬಂದಿದ್ದರು. "ನಿಮಗೇನು ಬೇಕು" ಎಂದು ಕೇಳಿ, ಮೊದಲೇ ಬ್ಯಾಗಿನಲ್ಲಿಟ್ಟುಕೊಂಡು ಬಂದದ್ದನ್ನೇ ಕೊಟ್ಟು ಹೋಗಿದ್ದರು. ಶಾಲೆಯ ಪಕ್ಕದ ಒಂದು ಕೋಣೆಯಲ್ಲಿ ಹೊಲಿಗೆ ಮಿಷನ್ನುಗಳು ಬೆಡ್‌ಶೀಟು ಹೊದ್ದು ಮಲಗಿದ್ದವು. ಸರಿಯುತ್ತರ ಒಂದಿದೆ, ಅದನ್ನು ಪತ್ತೆ ಮಾಡುವುದೇ ತಮ್ಮ ಕೆಲಸ ಎಂದು ಊರಿಗೆ ಊರೇ ನಂಬಿತ್ತು. ಒಬ್ಬರು "ಶೌಚಾಲಯ" ಎಂದು ನನ್ನ ಪೆನ್ನು ನೋಡುವರು. ಇನ್ನೊಬ್ಬರು "ಮಹಿಳಾ ಸಬಲೀಕರಣ" ಎಂದು ನನ್ನ ಹುಬ್ಬು ನೋಡುವರು. ಪೆನ್ನು ಸ್ವಲ್ಪ ಅಲುಗಿದರೆ ಸಾಕು, ಹಿಂದಿನ ಸಾಲಿನಿಂದ "ಅದೇ ಅದೇ, ನಮ್ಗೂ ಅದೇ!" ಎಂದು ಕೂಗು. ಊರಿನ ನಕ್ಷೆಯನ್ನಂತೂ ಹತ್ತು ನಿಮಿಷದಲ್ಲಿ ಬರೆದು ಮುಗಿಸಿದರು. ಇಷ್ಟು ಬೇಗ ಹೇಗೆ ಎಂದು ಕೇಳಿದರೆ, "ಇದು ಆರ್ನೇ ಸಲ ಬರಿತಿರಾದು, ಕೈ ಕುಂತ್ಬುಟ್ಟದೆ" ಎಂದರು.

ಎರಡನೇ ಸಭೆಯಲ್ಲಿ ನನ್ನ ಮೂಗು ಕೈ ಕೊಟ್ಟಿತು. ರಂಗೋಲಿ ಪುಡಿಯಲ್ಲಿ ದೊಡ್ಡ ಚೌಕ ಎಳೆದು ಕಾರ್ಡುಗಳನ್ನು ಹರಡಿದ್ದೆ. ಒಂದೊಂದನ್ನೇ ಎತ್ತಿ ಓದುತ್ತಾ "ಸೋಲಾರ್ ಬೀದಿದೀಪ" ಎಂದೆ. ಪುಡಿ ಮೂಗಿಗೆ ಹೋಗಿ ಒಂದು ಸೀನು ಬಂತು. ಒಂದೇ ಸೀನು. ಯಜಮಾನರು ಕೋಲಿನಿಂದ ಆ ಕಾರ್ಡನ್ನು ಚೌಕದಾಚೆ ನೂಕಿದರು.

"ಒಂಟಿ ಸೀನು. ಬ್ಯಾಡ ಬುಡಿ."

"ಅಯ್ಯೋ ಯಜಮಾನ್ರೆ, ಅದು ಪುಡಿಗೆ ಬಂದದ್ದು!"

"ಯಾವ್ದಕ್ಕಾದ್ರೂ ಬರ್ಲಿ ತಾಯಿ. ಸೀನು ಸೀನೇ."

ಇನ್ನೊಂದು ಸೀನಿದರೆ ಜೋಡಿಯಾಗಿ ದೋಷ ಹೋಗುತ್ತದೆ ಎಂದು ಯಾರೋ ಹೇಳಿದರು. ಸೆರಗಿನ ತುದಿಯನ್ನು ಮೂಗಿಗೆ ಹಾಕಿಕೊಂಡು ಪ್ರಯತ್ನಪಟ್ಟೆ. ಅದು ಬಂದದ್ದು ಎರಡು ಕಾರ್ಡು ದಾಟಿ "ಶುದ್ಧ ನೀರಿನ ಘಟಕ" ಎಂದು ಓದುವಾಗ. ಅದೂ ಆಚೆ ಹೋಯಿತು. ಮುಖಭಾವದಿಂದ ಸೂಚಿಸಕೂಡದು ಎಂದು ಬರೆದ ಮಹಾನುಭಾವರಿಗೆ ಮೂಗಿನ ನೆನಪೇ ಬಂದಿರಲಿಲ್ಲ. ಉಳಿದ ಕಾರ್ಡುಗಳ ಮೇಲೆ ಬೀಜ ಹಾಕಿ ಎಂದೆ. ಎಲ್ಲರೂ ಎಲ್ಲದರ ಮೇಲೂ ಸಮಸಮವಾಗಿ ಹಾಕಿದರು. ಯಾವುದು ಸರಿಯುತ್ತರವೋ ಅದಕ್ಕೆ ನಮ್ಮದೂ ಒಂದು ಇರಲಿ ಅಂತ.

ಅಲ್ಲಿಗೆ ನನ್ನ ತಾಳ್ಮೆ ಹರಿಯಿತು. ಯುಗಾದಿಗೆ ಮೂರು ವಾರವಿತ್ತು. ರಿಜಿಸ್ಟರು ರಪ್ಪೆಂದು ಮುಚ್ಚಿ ಎದ್ದು ನಿಂತೆ. "ನೋಡಿ, ನನ್ನ ಬ್ಯಾಗಲ್ಲಿ ಏನೂ ಇಲ್ಲ. ಬೇಕಾದ್ರೆ ನೋಡ್ಕೊಳ್ಳಿ, ಟಿಫನ್ ಡಬ್ಬಿ ಇದೆ, ಛತ್ರಿ ಇದೆ. ನಿಮಗೆ ಏನೂ ಬೇಡ ಅಂದ್ರೆ ಬೇಡ ಅಂತ್ಲೇ ಬರ್ಕೊಂಡು ಹೋಗ್ತೀನಿ!" ಎಂದು ಕೂಗಿ, ಬ್ಯಾಗನ್ನು ನಿಜವಾಗಿಯೂ ತಲೆಕೆಳಗು ಮಾಡಿ ಕೊಡವಿದೆ. ಡಬ್ಬಿಯ ಮುಚ್ಚಳ ಬಿಚ್ಚಿಕೊಂಡು ಚಿತ್ರಾನ್ನ ಚೌಕದ ತುಂಬ ಚೆಲ್ಲಿತು. ಯಾರೂ ನಗಲಿಲ್ಲ. ಬ್ಯಾಗ್ ಖಾಲಿ ಇರುವುದನ್ನು ಎಲ್ಲರೂ ಕಣ್ಣಾರೆ ಕಂಡರು. ಒಬ್ಬಿಬ್ಬರು ಬಗ್ಗಿ ಒಳಗೂ ಇಣುಕಿದರು.

ಆಗ ಮಹಿಳಾ ಸಂಘದ ಅಧ್ಯಕ್ಷೆ ಬಾಯಿ ಬಿಟ್ಟರು. ನಲವತ್ತೈದರ ಹೆಂಗಸು, ಶುಂಠಿ ಕೆಲಸದಲ್ಲಿ ಬೆರಳೆಲ್ಲ ಒಡೆದ ಕೈ, ಎರಡೂ ಸಭೆಯಲ್ಲಿ ಒಂದು ಮಾತೂ ಆಡಿರಲಿಲ್ಲ.

"ಎಣ ಮಡಗೋ ಪೆಟ್ಗೆ ಕೊಡ್ಸೀರಾ?"

ಹಿಂದೆ ಯಾರೋ ಕಿಸಕ್ಕೆಂದರು. ನನಗೆ ಅರ್ಥವಾಗಲಿಲ್ಲ. ಹೆಣವನ್ನು ತಂಪಾಗಿ ಇಡುವ, ಮೇಲೆ ಗಾಜಿನ ಮುಚ್ಚಳವಿರುವ ಫ್ರೀಜರ್ ಪೆಟ್ಟಿಗೆ ಎಂದು ಬಿಡಿಸಿ ಹೇಳಿದರು. ಪೇಟೆಯಲ್ಲಿ ಬಾಡಿಗೆಗೆ ಕೊಡುತ್ತಾರೆ. ಬೇಕಾದಾಗ ಅದು ಇನ್ನೊಂದು ಊರಿನಲ್ಲಿರುತ್ತದೆ.

"ಅಲ್ಲಕ್ಕಾ, ಊರಿಗೆ ಅದ್ಯಾಕೆ?" ಎಂದೆ. ಕೈಪಿಡಿಯ ಪ್ರಕಾರ ಹಾಗೆ ಕೇಳುವುದೂ ತಪ್ಪು.

"ನಾಕ್ ವರ್ಸ್ದ ಕೆಳೀಕೆ ನಮ್ಮವ್ವ ಮದ್ಯಾನ ತೀರ್ಕಂಡ್ಳು. ನಾನು ಅಲ್ಲಿ ಸುಂಟಿ ಒಲ್ದಲ್ಲಿದ್ದೆ. ಸಿಗ್ನಲ್ಲಿಲ್ಲ. ಸುದ್ದಿ ಮುಟ್ಟೋ ಒತ್ಗೆ ಕತ್ಲಾಗಿತ್ತು. ಒಂಬತ್ಗೆ ಕಾಡ್ನ ಗೇಟ್ ಆಕ್ಬುಡ್ತಾರೆ, ಬೆಳಿಗ್ಗೆ ಆರ್ಗಂಟ ಒಂದ್ ಗಾಡಿ ಬುಡಲ್ಲ. ಮೊದ್ಲ ಬಸ್ಗೇ ಬಂದೆ ಕಣವ್ವ. ಬಿಸ್ಲುಗಾಲ. ಮಡಿಕ್ಕಳಕ್ಕಾಗ್ದೆ ಒತ್ತಾರೇನೇ ಮಣ್ ಮಾಡ್ಬುಟ್ಟಿದ್ರು. ನಾನು ನಮ್ಮವ್ವನ ಮಕ ನೋಡ್ನಿಲ್ಲ. ಅಸಿ ಮಣ್ಣ ನೋಡ್ದೆ."

ಅವರು ಅಳಲಿಲ್ಲ. ದೂರು ಹೇಳುವ ದನಿಯಲ್ಲಿ ಹೇಳಿದರು. "ನಂದೂ ಅಂಗೇ ಆಯ್ತು, ನಮ್ಮಪ್ಪಂದು" ಎಂದು ಇನ್ನೊಬ್ಬರು. "ನಮ್ಮತ್ತೆಗೂ" ಎಂದು ಮತ್ತೊಬ್ಬರು. ಗೇಟು ಕಾಡಿನ ಪ್ರಾಣಿಗಳಿಗೋಸ್ಕರ ಹಾಕುವುದು, ಅದರ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. "ಆನೆ ತಿರ್ಗಾಡ್ಲಿ ಪಾಪ. ನಮ್ ಎಣ ವಸಿ ಕಾಯ್ಲಿ, ಅಷ್ಟೇಯ" ಎಂದರು ಯಜಮಾನರು.

ಕಾರ್ಡು ಬೇಕಲ್ಲ? ಅದರ ಚಿತ್ರ ಬರೆಯಲು ಯಾರೂ ಒಪ್ಪಲಿಲ್ಲ, ಅಪಶಕುನವಂತೆ. ನಾನೇ ಒಂದು ಉದ್ದ ಚೌಕ ಎಳೆದೆ. ಮಂಚದಂತೆ ಕಾಣುತ್ತದೆ ಎಂದು ಆಕ್ಷೇಪಣೆ ಬಂತು. ನಾಲ್ಕು ಚಕ್ರ ಸೇರಿಸಿದೆ. ಚಿತ್ರಾನ್ನದ ನಡುವೆ ಹುಣಸೆಬೀಜ ಆರಿಸಿ ಆರಿಸಿ ಅದರ ಮೇಲೆ ಹಾಕಿದರು. ಬೇರೆ ಕಾರ್ಡುಗಳ ಮೇಲಿದ್ದವನ್ನೂ ತೆಗೆದು ಇದಕ್ಕೇ ಸುರಿದರು. ಅಷ್ಟು ಹೊತ್ತು ನಾನು ಮೂಗು ಹಿಡಿದುಕೊಂಡೇ ಇದ್ದೆ.

ಚಾಮರಾಜನಗರದ ಕಚೇರಿಯಲ್ಲಿ ನಮ್ಮ ಸಾಹೇಬರು ಮೂರನೇ ಸಭೆಯ ನಡಾವಳಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

"ನಾವು ಮಾಡೋದು ಗ್ರಾಮೀಣ ಅಭಿವೃದ್ಧಿ ಕಣಮ್ಮ. ಇದು ಯಾವ ಅಭಿವೃದ್ಧಿ? ಅರ್ಜಿಲಿ ಜೀವನೋಪಾಯ, ನೀರು, ಶಿಕ್ಷಣ, ಆರೋಗ್ಯ ಅಂತ ನಾಲ್ಕು ಬಾಬತ್ತು ಇದೆ. ಇದನ್ನ ಎಲ್ಲಿಗೆ ಹಾಕ್ತೀಯ?"

"ಆರೋಗ್ಯಕ್ಕೆ ಹಾಕ್ಲಾ ಸರ್?"

"ಯಾರ ಆರೋಗ್ಯಕ್ಕೆ?"

ಸಾಹೇಬರು ಕೆಟ್ಟವರಲ್ಲ, ಆ ಊರಿಗೆ ಏನಾದರೂ ಸಿಗಲಿ ಎಂಬ ಆಸೆ ಅವರಿಗೂ ಇತ್ತು. ಅವರೇ ಉಪಾಯ ಹೇಳಿಕೊಟ್ಟರು. ಗುಂಡ್ಲುಪೇಟೆ ಅಂದರೆ ಚೆಂಡುಹೂವು, ಹೂವು ಬಾಡುತ್ತದೆ, ತಂಪು ಪೆಟ್ಟಿಗೆ ಬೇಕು. "ಹೂವಿನ ಶೀತಲ ಸಂಗ್ರಹ" ಎಂದು ಬರೆದು ಜೀವನೋಪಾಯಕ್ಕೆ ಹಾಕು, ಬಂದ ಮೇಲೆ ಅವರು ಏನಾದರೂ ಇಟ್ಟುಕೊಳ್ಳಲಿ. ನಾನು ಹಾಗೇ ಬರೆದೆ. ಬರೆಯುವಾಗ ಎರಡು ಸಲ ಯೋಚಿಸಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಯುಗಾದಿಗೆ ಐದು ದಿನವಿತ್ತು.

ಬೆಂಗಳೂರಿನ ನಮ್ಮ ಮುಖ್ಯ ಕಚೇರಿ ಯಾವ ಪತ್ರಕ್ಕೂ ತಿಂಗಳೊಳಗೆ ಉತ್ತರ ಕೊಟ್ಟ ಇತಿಹಾಸವಿಲ್ಲ. ಇದಕ್ಕೆ ಮೂರನೇ ದಿನವೇ ಬಂತು. ಅವರಿಗೆ ಖುಷಿಯೋ ಖುಷಿ. ಒಂದು ಸಲಕ್ಕೆ ಎಷ್ಟು ಕೆಜಿ ಹಿಡಿಯುತ್ತದೆ ಎಂದು ಕೇಳಿದ್ದರು. ಐವತ್ತರಿಂದ ತೊಂಬತ್ತು ಎಂದು ಬರೆದೆ, ಸುಳ್ಳಲ್ಲ. ಯಾವ ಹಂಗಾಮಿನಲ್ಲಿ ಬಳಕೆ ಹೆಚ್ಚು ಎಂದು ಕೇಳಿದ್ದರು. ನಿಶ್ಚಿತವಿಲ್ಲ ಎಂದೆ; ಅದೂ ಸುಳ್ಳಲ್ಲ. ಆಮೇಲೆ ಇನ್ನೊಂದು ಪತ್ರ ಬಂತು. ಇಷ್ಟು ಒಳ್ಳೆಯ ಯೋಜನೆ ಒಂದೇ ಊರಿಗೆ ಸೀಮಿತವಾಗಬಾರದು, ಐದು ಊರಿನ ಹೂವಿನ ಬೆಳೆಗಾರರನ್ನು ಸೇರಿಸೋಣ, ಪೆಟ್ಟಿಗೆಯನ್ನು ಚಾಮರಾಜನಗರದ ಹತ್ತಿರದ ಬದನಗುಪ್ಪೆಯಲ್ಲಿ ಒಂದು ಗೋದಾಮು ನೋಡಿ ಅಲ್ಲಿಡೋಣ ಎಂದಿತ್ತು. ಮದ್ದೂರಿನ ಹೆಣಕ್ಕೆ ಬದನಗುಪ್ಪೆಯಲ್ಲಿ ಪೆಟ್ಟಿಗೆ! ಅಲ್ಲಿಗೆ ಹೋಗಿಬರುವ ಬದಲು ಆನೆಗಳನ್ನೇ ಕೇಳಿಕೊಂಡು ಕೇರಳದಿಂದ ನಡೆದು ಬರಬಹುದಿತ್ತು.

ಊರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಧ್ಯಕ್ಷೆ ಮನೆಯ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು. ಕೇಳಿ ಮುಗಿಸಿ ಮೊರ ಪಕ್ಕಕ್ಕಿಟ್ಟರು.

"ನಾನು ಊವಿಗೆ ಅಂತ ಕೇಳಿದ್ನಾ ಮೇಡಮ್ಮ?"

"ಇಲ್ಲಕ್ಕ."

"ನೀವೇನೋ ನಮ್ಮ ಬಾಯ್ನಾಗೆ ಬಂದದ್ದ್ನೇ ಬರಿತೀವಿ ಅಂತ ಬ್ಯಾಗ್ ಒದ್ರುದ್ರಲ್ಲ. ಇಷ್ಟು ಜನ್ದ ಮುಂದೆ ನಮ್ಮವ್ವನ ಸಾವ್ನ ಎತ್ತಾಡಿದ್ದು ಊವ ಮಾರಕ್ಕಾ?"

ತಲೆ ಎತ್ತಿ ನೋಡಲು ಆಗಲಿಲ್ಲ. ನಾಚಿಕೆಯಾಯಿತು. ಬೇರೆಯವರು ಬ್ಯಾಗಿನಲ್ಲಿ ತಂದು ಕೊಟ್ಟಿದ್ದರು. ನಾನು ಅವರ ಬಾಯಿಂದ ಬಂದದ್ದನ್ನು ತೆಗೆದುಕೊಂಡು ಹೋಗಿ ಬದಲಾಯಿಸಿದ್ದೆ. ಅವತ್ತೇ ಸಾಹೇಬರಿಗೆ ಫೋನು ಮಾಡಿ, ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡು ನಿಜ ಬರೆಯುತ್ತೇನೆ ಎಂದೆ. "ನಿನ್ನ ಕಾಂಟ್ರಾಕ್ಟು ರಿನ್ಯೂವಲ್ಲಿಗೆ ಬಂದಿದೆ, ಗೊತ್ತಲ್ಲ?" ಎಂದರು. ಗೊತ್ತು ಎಂದೆ. "ಹಾಗಾದ್ರೆ ನನ್ನ ಹೆಸರನ್ನೂ ಬರಿ, ಉಪಾಯ ನಂದೇ ಅಲ್ವಾ" ಎಂದು ಫೋನಿಟ್ಟರು. ಆ ಮನುಷ್ಯನ ಮೇಲೆ ಆಗ ಬಂದ ಗೌರವ ಇನ್ನೂ ಇಳಿದಿಲ್ಲ. ಹೊಸ ಅರ್ಜಿಯಲ್ಲಿ ಅಧ್ಯಕ್ಷೆ ಸಭೆಯಲ್ಲಿ ಆಡಿದ ಮಾತನ್ನು ಅವರಾಡಿದ ಹಾಗೇ, ಸುಂಟಿ ಒಲ ಸಮೇತ, ಬರೆದೆ. ಬಾಬತ್ತಿನ ಜಾಗ ಖಾಲಿ ಬಿಟ್ಟೆ. ಯುಗಾದಿ ದಾಟಿದ್ದರಿಂದ, ಗಡುವಿನೊಳಗೆ ಮುಟ್ಟಿದ್ದ ಮೊದಲ ಅರ್ಜಿಯ ತಿದ್ದುಪಡಿ ಎಂದು ಅದನ್ನು ಕಳಿಸಿದೆ.

ಬೆಂಗಳೂರಿನಿಂದ ಈ ಸಲ ಉತ್ತರ ಬರಲಿಲ್ಲ, ಪರಿಶೀಲಕರೇ ಬರುತ್ತಾರೆ ಎಂದು ತಿಳಿಯಿತು. ಅವರು ನೋಡಲಿ ಎಂದು ಗುಂಡ್ಲುಪೇಟೆಯ ಫ್ರಿಜ್ ಮೆಕ್ಯಾನಿಕ್ ಭಾಯಿ, ತಾವೇ ಜೋಡಿಸಿದ ಒಂದು ಪೆಟ್ಟಿಗೆಯನ್ನು ಒಂದು ದಿನದ ಮಟ್ಟಿಗೆ ತರಲು ಒಪ್ಪಿದರು. ಕಂಪ್ರೆಸರ್ ಹೊಸದು, ಸ್ಟೆಬಿಲೈಸರ್ ಇದೆ, ಕರೆಂಟು ಹೋದರೆ ಬ್ಯಾಟರಿ, ನೀರು ಇಳಿಯಲು ಕೆಳಗೊಂದು ಪೈಪು. ಭಾಯಿಗೆ ಒಂದೇ ಚಿಂತೆ. "ಮೇಡಮ್, ಖಾಲಿ ಓಡಿಸಿದ್ರೆ ಕೂಲಿಂಗ್ ಸರಿಯಾಗಿ ಗೊತ್ತಾಗಲ್ಲ. ಒಳಗೆ ಲೋಡ್ ಇರ್ಬೇಕು. ಒಬ್ರು ಮಲಗಿದ್ರೆ..."

"ನೀವೇ ಮಲಗಿ ಭಾಯಿ."

"ತೋಬಾ ತೋಬಾ! ನನ್ಗೆ ಮೂರು ಮಕ್ಳು."

ಟೆಂಪೋ ಊರ ಬಾಗಿಲಿಗೆ ಬಂದಾಗ ಇನ್ನೊಂದು ತಕರಾರು. ಯಜಮಾನರು ಕೋಲು ಅಡ್ಡ ಹಿಡಿದು ನಿಂತಿದ್ದರು. ಖಾಲಿ ಪೆಟ್ಟಿಗೆ ಊರೊಳಗೆ ಬರಕೂಡದು, ಬಂದರೆ ಅದು ಆಳು ಕೇಳುತ್ತದೆ. ಹಿಂದಿನಿಂದ ಬಂದ ಮಾತು. ತುಂಬಿದ ಪೆಟ್ಟಿಗೆಯಾದರೆ ತೊಂದರೆಯಿಲ್ಲ. "ಅದ್ರೊಳೀಕೆ ಏನಾರ ಮಡಗ್ಬುಡಿ, ಒಟ್ಟೆ ತುಂಬಿರೋರು ಏನೂ ಕೇಳಾಕಿಲ್ಲ" ಎಂದರು. ಭಾಯಿಗೂ ಲೋಡು ಬೇಕಿತ್ತು. ಪರಿಶೀಲಕರಿಗೆಂದು ಅಧ್ಯಕ್ಷೆ ಮನೆಯಲ್ಲಿ ಮಜ್ಜಿಗೆ ಮಾಡಿಟ್ಟಿದ್ದರು, ಏಪ್ರಿಲ್ ಬಿಸಿಲಿಗೆ ಅದು ಹುಳಿಯಾಗುತ್ತಿತ್ತು. ಎರಡು ದೊಡ್ಡ ಸ್ಟೀಲ್ ಕೊಳಗ ಮಜ್ಜಿಗೆ, ಒಂದು ಬೂದುಗುಂಬಳ, ಯಜಮಾನರ ಅಪ್ಪಣೆಯ ಮೇರೆಗೆ ಒಂದು ಗೊನೆ ಬಾಳೆಹಣ್ಣು, ಎಲ್ಲ ಪೆಟ್ಟಿಗೆಯೊಳಗೆ ಮಲಗಿದವು. ಮೆರವಣಿಗೆಯಲ್ಲಿ ಟೆಂಪೋ ಒಳಗೆ ಬಂತು.

ಹನ್ನೆರಡರ ಹೊತ್ತಿಗೆ ಪರಿಶೀಲಕರು ಬಂದರು. ಐವತ್ತು ದಾಟಿದ ಗಂಭೀರ ಮನುಷ್ಯ, ಬಿಸಿಲಿಗೆ ಮುಖ ಕೆಂಪಾಗಿತ್ತು. ಅಧ್ಯಕ್ಷೆ ಕೈಗೆ ಲೋಟ ಕೊಟ್ಟರು. ಒಂದೇ ಗುಟುಕಿಗೆ ಕುಡಿದು ಇನ್ನೊಂದು ಲೋಟ ಕೇಳಿದರು. "ಎಷ್ಟು ತಣ್ಣಗಿದೆ! ಊರಲ್ಲಿ ಒಳ್ಳೇ ಫ್ರಿಜ್ ಇದ್ಯಲ್ಲ" ಎಂದು ಮೂರನೆಯದಕ್ಕೆ ಕೈ ಚಾಚಿದರು. ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ಯಜಮಾನರು ಹೆಮ್ಮೆಯಿಂದ ಹೇಳಿಯೇಬಿಟ್ಟರು:

"ಅದೇಯ ಸ್ವಾಮಿ, ನೀವು ನೋಡಕ್ಕೆ ಬಂದಿರಾ ಪೆಟ್ಗೆ."

ಲೋಟ ತುಟಿಯ ಹತ್ತಿರ ನಿಂತಿತು. "ಹೊಸದು ಸರ್, ಈವತ್ತೇ ಬಂದಿದ್ದು, ಯಾರೂ ಇನ್ನೂ..." ಎಂದು ನಾನು ಗಂಟಲು ಹರಿದುಕೊಂಡೆ. ಭಾಯಿ ಸಾಕ್ಷಿ ಹೇಳಲು ಮುಂದೆ ಬಂದು, "ಗ್ಯಾರಂಟಿ ಸರ್, ಒಂದು ಬಾಡಿನೂ ಮಲಗಿಲ್ಲ" ಎಂದರು. ಅದರಿಂದ ಏನೂ ಉಪಯೋಗವಾಗಲಿಲ್ಲ. ಪರಿಶೀಲಕರು ಲೋಟ ಕೆಳಗಿಟ್ಟು ಫೈಲು ಬಿಚ್ಚಿದರು.

"ವರ್ಷಕ್ಕೆ ಎಷ್ಟು ಸಲ ಬಳಕೆಯಾಗಬಹುದು?"

"ಅದು ನಮ್ ಕೈಲಿಲ್ಲ ಸ್ವಾಮಿ."

"ಬಳಕೆ ಹೆಚ್ಚಿಸೋಕೆ ಏನು ಯೋಜನೆ ಹಾಕಿಕೊಂಡಿದ್ದೀರಿ?"

ಮುದ್ರಿಸಿದ ಪ್ರಶ್ನೆ, ಪಾಪ, ಓದಿದ್ದರು. ಓದಿದ ಮೇಲೆ ಅವರಿಗೇ ತಿಳಿಯಿತು. ಯಜಮಾನರು ಯೋಚಿಸಿ, "ಯೋಜ್ನೆ ಏನೂ ಆಕಿಲ್ಲ. ಬೇಕಾರೆ ನನ್ನೆಸ್ರು ಮೊದ್ಲು ಬರ್ಕಳಿ" ಎಂದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನನಗೂ ತಡೆಯಲಾಗದೆ ಕೆಮ್ಮು ಬಂದಂತೆ ಆಚೆ ತಿರುಗಿಕೊಂಡೆ.

ನಗು ಇಳಿದದ್ದು ಅಧ್ಯಕ್ಷೆ ಪೆಟ್ಟಿಗೆಯ ಹತ್ತಿರ ಹೋದಾಗ. ಒಳಗಿನ ತಂಪಿಗೆ, ಹೊರಗಿನ ಬಿಸಿಲಿಗೆ ಗಾಜಿನ ಮುಚ್ಚಳ ಪೂರ್ತಿ ಮಂಜು ಹಿಡಿದಿತ್ತು. ಬೂದುಗುಂಬಳ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅವರು ಸೆರಗಿನಿಂದ ಒರೆಸಿದರು. ಮತ್ತೆ ಮಂಜು ಕಟ್ಟಿತು. ಮತ್ತೆ ಒರೆಸಿದರು.

"ಅದು ಹಂಗೇ ಅಕ್ಕ, ಎಲ್ಲಾ ಪೆಟ್ಟಿಗೆಲೂ ಬರ್ತದೆ" ಎಂದರು ಭಾಯಿ.

"ಮಕ ಕಾಣ್ದಿದ್ ಮೇಲೆ ಈ ಪೆಟ್ಗೆ ಯಾತಕ್ಕೆ ಭಾಯಿ? ಮಣ್ಣೇ ಸಾಕಾಗಿತ್ತಲ್ಲ."

ಭಾಯಿ ಬಗ್ಗಿ ಗಾಜಿನ ಅಂಚನ್ನು ಬೆರಳಿಂದ ಮುಟ್ಟಿ ನೋಡಿದರು. ಪರಿಶೀಲಕರು ಫೈಲಿನಲ್ಲಿದ್ದ ಅರ್ಜಿಯ ಹಾಳೆ ತಿರುವಿ, ಅಧ್ಯಕ್ಷೆಯ ಮುಖ ನೋಡಿ, "ಇದರಲ್ಲಿ ಬರೆದಿರೋದು ನಿಮ್ಮ ತಾಯೀದಾ?" ಎಂದು ಕೇಳಿದರು. ಹೌದು ಎಂದು ಅವರು ತಲೆಯಾಡಿಸಿದರು. ಪರಿಶೀಲಕರು ಮತ್ತೆ ಯಾವ ಪ್ರಶ್ನೆಯನ್ನೂ ಓದಲಿಲ್ಲ. "ನಾನು ಬೇಡ ಅಂತ ಬರೆಯೋಕೇ ಬಂದಿದ್ದೆ" ಎಂದರು. ಬಾಬತ್ತಿನ ಖಾಲಿ ಜಾಗದಲ್ಲಿ ತಮ್ಮ ಕೈಯಿಂದಲೇ "ಇತರೆ" ಎಂದು ಬರೆದು, ಗಾಜಿನ ಮಂಜು ಸರಿಪಡಿಸಿದ ಮೇಲೆಯೇ ಪೆಟ್ಟಿಗೆಯನ್ನು ಪಡೆಯತಕ್ಕದ್ದು ಎಂದು ಒಂದು ಷರತ್ತು ಸೇರಿಸಿ ಸಹಿ ಹಾಕಿದರು. ಹೊರಡುವ ಮುಂಚೆ ಆ ಮೂರನೇ ಲೋಟವನ್ನೂ ಕುಡಿದರು. ಅಂದಿನಿಂದ ಅವರ ಬಗ್ಗೆ ಯಾರಾದರೂ ಕೆಟ್ಟದ್ದು ಮಾತಾಡಿದರೆ ನಾನು ಜಗಳಕ್ಕೆ ನಿಲ್ಲುತ್ತೇನೆ.

ಭಾಯಿ ಹದಿನೈದು ದಿನ ಒದ್ದಾಡಿದರು. ಎರಡು ಪದರದ ಗಾಜು ಹಾಕಿ ನೋಡಿದರು, ಆಗಲಿಲ್ಲ. ಕೊನೆಗೆ ಗಾಜಿನ ಅಂಚಿಗೆ ಸುತ್ತಲೂ ಬಿಸಿಯಾಗುವ ಸಣ್ಣ ತಂತಿ ಎಳೆದು, ಮೇಲೆ ಗಾಳಿ ಆಡುವಂತೆ ಬೆರಳುದ್ದದ ಫ್ಯಾನು ಕೂರಿಸಿದರು. ಈ ಸಲ ಒಳಗೆ ಕುಂಬಳಕಾಯಿಯ ತೊಟ್ಟೂ ಕಾಣಿಸಿತು. ಪೆಟ್ಟಿಗೆ ಇಡುವುದು ಎಲ್ಲಿ ಎಂಬುದಕ್ಕೆ ಮಾತ್ರ ಮೂರು ಪಂಚಾಯ್ತಿ ನಡೆದವು. ಶಾಲೆಯವರು ಬೇಡ ಎಂದರು, ಡೇರಿಯವರು ಹಾಲು ಒಡೆಯುತ್ತದೆ ಎಂದರು. ಕೊನೆಗೆ ಹೊಲಿಗೆ ಮಿಷನ್ನುಗಳ ಕೋಣೆಯಲ್ಲಿ ಜಾಗವಾಯಿತು. ಯಾವ ಬೀದಿಯವರು ಕೇಳಿದರೂ ಕೊಡಬೇಕು, ಇಂಥವರ ಮನೆಗೆ ಹೋಗಿಬಂದದ್ದು ಎಂದು ಯಾರೂ ಮೂಗೆಳೆಯಕೂಡದು ಎಂದು ನಡಾವಳಿಯಲ್ಲಿ ಬರೆಸಿದವರು ಅಧ್ಯಕ್ಷೆ. ಯಜಮಾನರು ಒಂದು ಗಳಿಗೆ ಕೋಲು ತಿರುಗಿಸುತ್ತಾ ಕೂತಿದ್ದು ಹೆಬ್ಬೆಟ್ಟು ಒತ್ತಿದರು.

ಎರಡು ತಿಂಗಳು ಅದು ಕುಂಬಳಕಾಯಿ ತುಂಬಿಕೊಂಡು ಸುಮ್ಮನಿತ್ತು. ಒಂದು ಬೆಳಿಗ್ಗೆ ಅಧ್ಯಕ್ಷೆ ಫೋನು ಮಾಡಿದರು. ಕೆಳಗಿನ ಬೀದಿಯ ಒಬ್ಬ ಅಜ್ಜಿ ಹಿಂದಿನ ದಿನ ಮಧ್ಯಾಹ್ನ ತೀರಿಕೊಂಡಿದ್ದರು, ಒಬ್ಬಳೇ ಮಗಳು ಶುಂಠಿ ಹೊಲದಲ್ಲಿದ್ದಳು, ಗೇಟು ತೆಗೆದ ಮೇಲೆ ಹೊರಟಿದ್ದಾಳೆ, ಪೆಟ್ಟಿಗೆ ಓಡುತ್ತಿದೆ, ಬನ್ನಿ ಎಂದರು. ಸ್ಕೂಟರ್ ಹತ್ತಿದೆ. ಬಳಕೆಯಲ್ಲಿರುವ ಆಸ್ತಿಯ ಫೋಟೋ ಬೇಕೆಂದು ಕಚೇರಿ ಮೊದಲೇ ಹೇಳಿತ್ತು. ದಾರಿಯಲ್ಲಿ ಭಾಯಿಯೂ ಫೋನು ಮಾಡಿ, ಪೆಟ್ಟಿಗೆ ಓಡುತ್ತಿದೆ ಎಂದು ನನ್ನಿಂದ ತಿಳಿದು, "ಬಹಳ ಸಂತೋಷ ಮೇಡಮ್!" ಎಂದು, ತಕ್ಷಣ ನಾಲಿಗೆ ಕಚ್ಚಿಕೊಂಡು, "ಸಂತೋಷ ಅಲ್ಲ, ಅದು... ಮಂಜು ಇಲ್ವಲ್ಲ?" ಎಂದರು.

ಮಂಜು ಇರಲಿಲ್ಲ. ಅಜ್ಜಿಯ ಮುಖ ಗಾಜಿನಡಿ ತಿಳಿಯಾಗಿ ಕಾಣುತ್ತಿತ್ತು. ಒಂಬತ್ತೂವರೆಗೆ ಮಗಳು ಬಸ್ಸಿಳಿದು ಓಡಿ ಬಂದಳು. ಸೀರೆಯ ಮೇಲೆ ಗಂಡಸರ ಶರ್ಟು, ಕಾಲಿಗೆ ಇನ್ನೂ ಹೊಲದ ಮಣ್ಣು. ಬಾಗಿಲಲ್ಲೇ ಅವ್ವನನ್ನು ಬೈಯಲು ಶುರುಮಾಡಿದಳು: "ಸನಿವಾರ ಬತ್ತೀನಿ ಅಂದಿರ್ನಿಲ್ವಾ? ಎರಡ್ ದಿನ ತಡ್ಕಳಕ್ಕಾಗ್ನಿಲ್ವಾ ನಿಂಗೆ?" ಗಾಜಿನ ಮೇಲೆ ಎರಡೂ ಕೈಯಿಟ್ಟು ನೋಡಿದಳು. ಬೈಗುಳ ನಿಂತಿತು. ನಾನು ಫೋನನ್ನು ಬ್ಯಾಗಿನೊಳಗೆ ಹಾಕಿದೆ. ಬೈದರೆ ಬೈಯಲಿ ಕಚೇರಿ.

ಮುಚ್ಚಳ ತೆಗೆದು ಅಜ್ಜಿಯನ್ನು ಹೊರಗೆ ಮಲಗಿಸಿದರು. ಮಗಳು ತಲೆಗೆ ಎಣ್ಣೆ ಹಚ್ಚಿದಳು, ಅಧ್ಯಕ್ಷೆ ನೀರು ಹುಯ್ದರು, ಇಬ್ಬರೂ ಸೇರಿ ಸ್ನಾನ ಮಾಡಿಸಿ ಹೊಸ ಸೀರೆ ಉಡಿಸಿದರು. ಯಾರೋ ಕನಕಾಂಬರದ ದಂಡೆ ತಂದು ಮಗಳ ಕೈಗೆ ಕೊಟ್ಟರು. ಅವಳು ಅವ್ವನ ಮುಡಿ ಹಿಡಿದಿದ್ದಳು. ಎದುರಿಗೆ ಕೂತಿದ್ದ ಅಧ್ಯಕ್ಷೆ ಆ ಮುಖವನ್ನೇ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಗಟ್ಟಿಯಾಗಿ ಅಳತೊಡಗಿದರು. ಸಭೆಯಲ್ಲಿ ಅಳದವರು, ನನ್ನನ್ನು ಬೈಯುವಾಗ ಅಳದವರು.

"ನಾನೂ ಇಂಗೇ ನಮ್ಮವ್ವಂಗೆ ಊವ ಮುಡ್ಸಬೇಕಾಗಿತ್ತು ಕಣಮ್ಮಿ."

ಮಗಳು ಅವರನ್ನು ನೋಡಿದಳು. ಆಮೇಲೆ ದಂಡೆಯನ್ನು ಮಧ್ಯಕ್ಕೆ ಕಿತ್ತು, ಅರ್ಧವನ್ನು ಅವರ ಒಡೆದ ಬೆರಳುಗಳ ಒಳಗಿಟ್ಟು, ಅವ್ವನ ತಲೆಯನ್ನು ಅವರ ಕಡೆಗೆ ಸ್ವಲ್ಪ ತಿರುಗಿಸಿದಳು.

"ಮುಡ್ಸಕ್ಕ" ಎಂದಳು.